ಇಲ್ಲದ್ದನ್ನು ಬರೆಯುವ ಕೆಲಸ

ಲಂಡನ್ನಿನ ಒಂದು ಮ್ಯೂಸಿಯಂನಲ್ಲಿ ಹಳೆಯ ಲೋಹದ ವಸ್ತುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ 'ಹಳೇ ಸಾಮಾನು ರಿಪೇರಿ' ಅಂದುಬಿಡುತ್ತೇನೆ. ನಿಜ ಹೇಳಬೇಕೆಂದರೆ ಇದರಲ್ಲಿ ರಿಪೇರಿ ಕಡಿಮೆ, ಬರವಣಿಗೆ ಜಾಸ್ತಿ. ಒಂದು ವಸ್ತು ಬೇರೆ ಮ್ಯೂಸಿಯಂನ ಪ್ರದರ್ಶನಕ್ಕೆ ಹೊರಡುವ ಮುಂಚೆ ಮತ್ತು ವಾಪಸ್ ಬಂದ ಮೇಲೆ ಕಂಡೀಷನ್ ರಿಪೋರ್ಟ್ ಬರೆಯಬೇಕು. ಎಲ್ಲಿ ಗೀರಿದೆ, ಎಲ್ಲಿ ಬಿರುಕಿದೆ, ಏನು ಉದುರಿದೆ ಎಲ್ಲವನ್ನೂ. ಹೊಸಬರಿಗೆ ಇದು ಬೋರು. ನನಗೆ ಫ್ರಾನ್ಸಿನ ಮಧ್ಯಯುಗದ ಎನಾಮೆಲ್ ಕೆಲಸವನ್ನು, ಅಂದರೆ ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಕೂರಿಸುವುದನ್ನು, ಕಲಿಸಿದ್ದೇ ಈ ರಿಪೋರ್ಟು, ಅದರಲ್ಲೂ 'ಇಲ್ಲ' ಎಂದು ಬರೆಯುವ ಸಾಲುಗಳು.

ನಮ್ಮ ಕೈಗೆ ಹೆಚ್ಚಾಗಿ ಬರುವುದು ಫ್ರಾನ್ಸಿನ ಲಿಮೋಜ್ ಊರಿನ ಮಾಲು. 12 ಮತ್ತು 13ನೇ ಶತಮಾನದಲ್ಲಿ ಅಲ್ಲಿಂದ ಎನಾಮೆಲ್ ವಸ್ತುಗಳು ಯೂರೋಪಿನ ತುಂಬ ಹೋಗುತ್ತಿದ್ದವು. ತಾಮ್ರದ ತಗಡಿನಲ್ಲಿ ಉಳಿಯಿಂದ ಗುಣಿ ಕೊರೆಯುತ್ತಾರೆ. ಬಣ್ಣದ ಗಾಜಿನ ಪುಡಿ ತುಂಬುತ್ತಾರೆ. ಕುಲುಮೆಯಲ್ಲಿಟ್ಟರೆ ಗಾಜು ಕರಗಿ ಕೂರುತ್ತದೆ. ಆಮೇಲೆ ಕಲ್ಲಿನಿಂದ ಉಜ್ಜಿ ಸಮ ಮಾಡಿ, ಉಳಿದ ತಾಮ್ರಕ್ಕೆ ಪಾದರಸ ಬೆರೆಸಿದ ಚಿನ್ನ ಹಚ್ಚಿ ಕಾಯಿಸುತ್ತಾರೆ. ಪಾದರಸ ಆವಿಯಾಗುತ್ತದೆ, ಚಿನ್ನ ನಿಲ್ಲುತ್ತದೆ. ಒಡವೆ ಅಂಗಡಿಯಲ್ಲಿ ಮೀನಾಕಾರಿ ಅಂತಾರಲ್ಲ, ಅದೂ ಹೆಚ್ಚುಕಡಿಮೆ ಇದೇ ದಾರಿ.

ಹೀಗೆ ಮಾಡಿದ ತಗಡುಗಳನ್ನು ಮರದ ಪೆಟ್ಟಿಗೆಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಪೆಟ್ಟಿಗೆ ನೋಡಲು ಇಳಿಜಾರು ಛಾವಣಿಯ ಪುಟ್ಟ ಮನೆ. ಒಳಗೆ ಸಂತರ ಮೂಳೆಯ ಚೂರೋ ಬಟ್ಟೆಯ ತುಂಡೋ ಇರುತ್ತಿತ್ತು. 1170ರ ಡಿಸೆಂಬರ್ 29ರಂದು ಇಂಗ್ಲೆಂಡಿನ ಕ್ಯಾಂಟರ್ಬರಿ ಚರ್ಚಿನಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಯಾಯಿತು. 1173ರಲ್ಲಿ ಅವನನ್ನು ಸಂತನೆಂದು ಸಾರಿದರು. ಆ ಕೊಲೆಯ ಚಿತ್ರವಿರುವ ಲಿಮೋಜ್ ಪೆಟ್ಟಿಗೆಗಳು ಇವತ್ತಿಗೂ 50ರ ಆಸುಪಾಸು ಉಳಿದಿವೆ. ಕೊಂದವರು ನಾಲ್ವರು. ಪೆಟ್ಟಿಗೆಯ ಮೇಲೆ ಎಷ್ಟೋ ಸಲ ಇಬ್ಬರೋ ಮೂವರೋ ಇರುತ್ತಾರೆ. ಜಾಗ ಸಾಲದೇ ಇದ್ದಾಗ ಕೊಲೆಗಾರರಿಗೂ ರಿಯಾಯಿತಿ!

ಈಗ ರಿಪೋರ್ಟಿಗೆ ಬರೋಣ. 'ಅಲ್ಲಲ್ಲಿ ಎನಾಮೆಲ್ ಉದುರಿದೆ.' ಹೊಸಬರು ಬರೆಯುವ ಮೊದಲ ಸಾಲು ಇದು. ಈ ಸಾಲಿನಿಂದ ಮೂರು ಕಾಸಿನ ಉಪಯೋಗವಿಲ್ಲ. ಪೆಟ್ಟಿಗೆ ನಾಲ್ಕು ತಿಂಗಳು ಹೊರಗಿದ್ದು ಬಂದಾಗ ಒಂದು ಚಕ್ಕೆ ಹೋಗಿದ್ದು ಕಂಡರೆ, ಅದು ಹೋಗಿದ್ದು ಈಗಲೋ ಇನ್ನೂರು ವರ್ಷದ ಹಿಂದೆಯೋ? ಅದಕ್ಕೇ ದೀಪವನ್ನು ಪಕ್ಕದಿಂದ, ತಗ್ಗಿಸಿ ಹಿಡಿಯುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಗುಣಿ ನೋಡುತ್ತೇವೆ. ಹಳೆಯ ನಷ್ಟವಾದರೆ ಗುಣಿಯ ತಳದಲ್ಲಿ ಕೊಳೆ, ಹಸಿರು ಕಿಲುಬು ಇರುತ್ತದೆ, ಗಾಜಿನ ಅಂಚು ಮಂಕಾಗಿರುತ್ತದೆ. ಹೊಸದಾದರೆ ತಾಮ್ರ ಹೊಳೆಯುತ್ತದೆ, ಅಂಚು ಚೂಪಾಗಿರುತ್ತದೆ. ಅಂದಹಾಗೆ, ಟೀವಿಯಲ್ಲಿ ತೋರಿಸುವ ಬಿಳಿ ಹತ್ತಿಯ ಗ್ಲೌಸ್ ನಾವು ಹಾಕುವುದಿಲ್ಲ. ಎದ್ದ ಚಕ್ಕೆಗೆ ಅದರ ಎಳೆ ಸಿಕ್ಕಿಕೊಂಡರೆ ಮುಗೀತು. ರಬ್ಬರಿನಂಥ ನೈಟ್ರೈಲ್ ಗ್ಲೌಸೇ ಸರಿ.

ಉದುರಿದ ಗುಣಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಅದು ಬೇರೆ ಕಥೆಯನ್ನೂ ಹೇಳುತ್ತದೆ. ತಳ ನುಣುಪಾಗಿರುವುದಿಲ್ಲ. ಉಳಿಯ ಏಟುಗಳು ಸಾಲಾಗಿ ಕಾಣುತ್ತವೆ. ಆ ಒರಟು ಮೇಲ್ಮೈಯೇ ಗಾಜಿಗೆ ಹಿಡಿತ. ಗಾಜು ಗಟ್ಟಿಯಾಗಿ ಕೂತಿರುವ ಕಡೆ ಇದನ್ನು ಯಾರೂ ನೋಡಲಾರರು. ಕೆಲವು ಗುಣಿಗಳಲ್ಲಿ ನೀಲಿ, ತಿಳಿನೀಲಿ, ಬಿಳಿ ಮೂರೂ ನಡುವೆ ಲೋಹದ ಗೋಡೆಯಿಲ್ಲದೆ ಪಕ್ಕಪಕ್ಕ ಕೂತಿರುತ್ತವೆ. ಒಂದು ಬಣ್ಣ ಉದುರಿದಾಗ ಆ ಕೈಚಳಕ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಗುಟ್ಟು ಚಿನ್ನದ್ದು. ಚಿನ್ನದ ಲೇಪ ಹಾಕಿದ್ದು ಗಾಜು ತುಂಬಿದ ಮೇಲೆ. ಹಾಗಾಗಿ ಖಾಲಿ ಗುಣಿಯ ತಳದಲ್ಲಿ ಚಿನ್ನ ಇರಬಾರದು. ಇದ್ದರೆ, ಗಾಜು ಬಿದ್ದುಹೋದ ಮೇಲೆ ಯಾರೋ ಮತ್ತೆ ಚಿನ್ನ ಹಾಕಿದ್ದಾರೆ ಎಂಬ ಅನುಮಾನ ಬರುತ್ತದೆ. ಎಕ್ಸ್‌ರೇ ಯಂತ್ರದಲ್ಲಿ ಪಾದರಸದ ಸುಳಿವೂ ಸಿಗದಿದ್ದರೆ, 1840ರಿಂದೀಚೆಗೆ ಬಳಕೆಗೆ ಬಂದ, ಕರೆಂಟು ಹರಿಸಿ ಹಾಕುವ ಲೇಪ ಇರಬಹುದು. ಮೊಳೆ ತೂತುಗಳನ್ನೂ ಬಿಡಬಾರದು. ತಗಡಿನ ತೂತಿಗೂ ಮರದ ತೂತಿಗೂ ತಾಳೆಯಾಗದಿದ್ದರೆ ಆ ತಗಡು ಬೇರೆ ಎಲ್ಲಿಂದಲೋ ಬಂದಿರಬಹುದು. ತಗಡಿನ ಹಿಂದೆ ಕೆಲವೊಮ್ಮೆ ಜೋಡಣೆಗೆಂದು ಗೀಚಿದ ಗುರುತುಗಳಿರುತ್ತವೆ. ಬೆನ್ನು ನೋಡಲು ಅವಕಾಶ ಸಿಕ್ಕರೆ ನಾನಂತೂ ಊಟ ಮರೆಯುತ್ತೇನೆ.

ಲಿಮೋಜಿನ ಮಾಲು ಇಷ್ಟು ಉಳಿದಿದ್ದಕ್ಕೆ ದೊಡ್ಡ ಕಾರಣ ಅದು ತಾಮ್ರ. ಕರಗಿಸಿದರೆ ಎಷ್ಟು ಸಿಗುತ್ತದೆ? ಪ್ಯಾರಿಸ್ಸಿನಲ್ಲಿ ರಾಜಮನೆತನಕ್ಕೆ ಅಪ್ಪಟ ಚಿನ್ನದ ಮೇಲೆ ಎನಾಮೆಲ್ ಮಾಡಿದ್ದು ಇದಕ್ಕಿಂತ ನಾಜೂಕು. ಯುದ್ಧ ಬಂದರೆ, ಸಾಲ ಹೆಚ್ಚಾದರೆ ಮೊದಲು ಕುಲುಮೆಗೆ ಹೋಗುತ್ತಿದ್ದುದೂ ಅದೇ. ಉಳಿದಿದ್ದು ಬೆರಳೆಣಿಕೆಯಷ್ಟು.

ಉಳಿದವುಗಳಲ್ಲಿ ಬ್ರಿಟಿಷ್ ಮ್ಯೂಸಿಯಂನ ರಾಯಲ್ ಗೋಲ್ಡ್ ಕಪ್ ಒಂದು. 14ನೇ ಶತಮಾನದ ಕೊನೆಯ ಭಾಗದ್ದು. ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಚಿನ್ನದಲ್ಲಿ ಸಂತ ಆಗ್ನೆಸ್‌ಳ ಕಥೆಯನ್ನು ತೆಳುವಾಗಿ ಕೆತ್ತಿ, ಮೇಲೆ ಪಾರದರ್ಶಕ ಗಾಜು ಹರಿಸಿದ್ದಾರೆ. ಕೆತ್ತನೆ ಆಳವಿದ್ದಲ್ಲಿ ಬಣ್ಣ ಗಾಢ, ತೆಳುವಿದ್ದಲ್ಲಿ ತಿಳಿ. ಅಲ್ಲಿನ ಕೆಂಪನ್ನು ಒಮ್ಮೆಯಾದರೂ ಎದುರಿಗೆ ನಿಂತು ನೋಡಬೇಕು. ಇದರಲ್ಲೂ ನನಗೆ ಕಾಣುವುದು ಇಲ್ಲದ್ದೇ: ಮುಚ್ಚಳದ ತುದಿ ಇಲ್ಲ, ಮುಚ್ಚಳದ ಅಂಚಿನ ಮುತ್ತುಗಳಿಲ್ಲ, ಕೆಳಗಿನ ಪೀಠ ಇಲ್ಲ. ಸೇರಿದ್ದೂ ಉಂಟು. ಕಾಂಡವನ್ನು ಎರಡು ಸಲ ಉದ್ದ ಮಾಡಿದ್ದಾರೆ. ಒಂದು ತುಂಡಿನಲ್ಲಿ ಇಂಗ್ಲೆಂಡಿನ ಟ್ಯೂಡರ್ ರಾಜಮನೆತನದ ಗುರುತಾದ ಗುಲಾಬಿ. ಇನ್ನೊಂದರಲ್ಲಿ, ಇಂಗ್ಲೆಂಡ್ ಮತ್ತು ಸ್ಪೇನ್ ನಡುವಿನ 1604ರ ಶಾಂತಿ ಒಪ್ಪಂದದ ಸಮಯದಲ್ಲಿ ಇದನ್ನು ಉಡುಗೊರೆಯಾಗಿ ಪಡೆದ ಸ್ಪೇನಿನ ಅಧಿಕಾರಿ ಬರೆಸಿದ ಲ್ಯಾಟಿನ್ ಸಾಲು. ಕಪ್ ಯಾರ ಯಾರ ಮನೆ ಸುತ್ತಿತು ಎಂಬುದಕ್ಕೆ ಸಾಕ್ಷಿ ಸುಂದರವಾದ ಚಿತ್ರಗಳಲ್ಲಿಲ್ಲ, ಈ ತೇಪೆಗಳಲ್ಲಿದೆ.

ರಿಪೋರ್ಟ್ ಯಾಕೆ ಬೇಕು ಅಂತ ಯಾರಾದರೂ ವಾದಿಸಿದರೆ ನಾನು ಹೇಳುವುದು ಬ್ರಿಟಿಷ್ ಮ್ಯೂಸಿಯಂನಲ್ಲೇ ಇರುವ, ಪವಿತ್ರ ಮುಳ್ಳೊಂದನ್ನು ಇಟ್ಟ ಚಿನ್ನದ ಸಂಪುಟದ ಕಥೆ. ಫ್ರಾನ್ಸಿನ ಬೆರಿ ಸಂಸ್ಥಾನದ ಡ್ಯೂಕ್ ಜಾನ್‌ಗಾಗಿ 1400ರ ಆಸುಪಾಸು ಮಾಡಿದ್ದು. ಏಸುವಿನ ಮುಳ್ಳಿನ ಕಿರೀಟದ್ದೆಂದು ನಂಬಿದ ಒಂದು ಮುಳ್ಳು ನಡುವೆ, ಸುತ್ತ ಚಿನ್ನದ ಪುಟ್ಟ ಮೂರ್ತಿಗಳು, ಅವುಗಳಿಗೆ ಬಿಳಿ ಎನಾಮೆಲ್ ಬಟ್ಟೆ. 1860ರ ದಶಕದಲ್ಲಿ ಇದು ವಿಯೆನ್ನಾದ ಖಜಾನೆಯಿಂದ ಸಾಲೊಮನ್ ವೈನಿಂಗರ್ ಎಂಬುವನ ಬಳಿಗೆ ರಿಪೇರಿಗೆ ಹೋಯಿತು. ಅವನು ನಕಲು ಮಾಡಿ ಅದನ್ನು ವಾಪಸ್ ಕೊಟ್ಟ, ಅಸಲಿಯನ್ನು ಇಟ್ಟುಕೊಂಡ. ಅಸಲಿ ಕೈಬದಲಾಗುತ್ತಾ ಹೋಗಿ, ಸಂಗ್ರಾಹಕ ಫರ್ಡಿನಾಂಡ್ ರಾಥ್‌ಚೈಲ್ಡ್‌ನ ಉಯಿಲಿನ ಮೂಲಕ 1898ರಲ್ಲಿ ಲಂಡನ್ನಿಗೆ ಬಂತು. ನಕಲು ಮಾಡುವವನು ಅಂದವನ್ನು ಗಮನವಿಟ್ಟು ನಕಲು ಮಾಡುತ್ತಾನೆ. ಯಾವ ಮೂರ್ತಿಯ ಮೊಣಕೈ ಹಿಂದೆ ಎಷ್ಟು ಚಕ್ಕೆ ಹೋಗಿತ್ತು ಎಂಬುದನ್ನೂ ಹಾಗೇ ತರುವುದು ಸುಲಭವಲ್ಲ. ವಸ್ತು ವಾಪಸ್ ಬಂದಾಗ ಹೋಲಿಸಿ ನೋಡಲು ಅಂಥ ಪಟ್ಟಿಯೇ ಬೇಕು.

ಆದ್ದರಿಂದ ನಮ್ಮ ವಿಭಾಗಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಕೊಡುವ ಮಾದರಿ ಹೀಗಿದೆ: 'ಮುಂಭಾಗದ ಛಾವಣಿ, ಎಡದಿಂದ ಎರಡನೇ ದೇವದೂತ, ಬಲ ರೆಕ್ಕೆಯ ತುದಿ, ನೀಲಿ ಇಲ್ಲ, 3 ಮಿ.ಮೀ., ತಳದಲ್ಲಿ ಹಸಿರು, ಹಳೆಯದು.' ಇಂಥ ಸಾಲುಗಳು ಒಂದು ಪೆಟ್ಟಿಗೆಗೆ ಪುಟಗಟ್ಟಲೆ ಬೀಳುತ್ತವೆ. ಪ್ಯಾಕಿಂಗ್‌ನವರು ಹೊರಗೆ ಕಾಯುತ್ತಾ ಗಡಿಯಾರ ನೋಡುತ್ತಿರುತ್ತಾರೆ. ಕಾಯಲಿ ಬಿಡಿ, ಅವರಿಗೆ ಟೀ ಕೊಡಿಸಿದರಾಯಿತು.