ಪ್ಲೇಟು ಕೆಂಪಾದರೆ ಮೊದಲು ಕೆಪಾಸಿಟರ್ ನೋಡಿ

14 ಡಿಸೆಂಬರ್ 2024, ಶನಿವಾರ

ಬೆಂಚಿನ ಮೇಲಿರುವುದು ಚಿಕ್ಕದೊಂದು ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್. ಮುಂದೆ ಸಿಗ್ನಲ್ ಹಿಗ್ಗಿಸುವ ಇಸಿಸಿ83 ವಾಲ್ವ್ ಒಂದು, ಕೊನೆಯಲ್ಲಿ ಸ್ಪೀಕರ್ ನಡೆಸುವ ಇಎಲ್84 ಒಂದೇ ಒಂದು. ತೊಂದರೆ ಮಾಮೂಲಿನದು: ಆನ್ ಮಾಡಿದಾಗ ಚೆನ್ನಾಗಿ ಹಾಡುತ್ತದೆ, ಹತ್ತು ನಿಮಿಷ ಕಳೆದರೆ ದನಿ ಒರಟಾಗುತ್ತದೆ. ದೀಪ ಆರಿಸಿ ನೋಡಿದರೆ ಇಎಲ್84ರ ಪ್ಲೇಟಿನ (ಎಲೆಕ್ಟ್ರಾನುಗಳು ಬಂದು ಸೇರುವ ಲೋಹದ ತಗಡು) ಮಧ್ಯದಲ್ಲಿ ಮಂದ ಕೆಂಪು ಕಲೆ. ಇದನ್ನು ಕಂಡ ಕೂಡಲೇ ಬಹಳ ಮಂದಿ ಹೊಸ ವಾಲ್ವ್ ತರಿಸುತ್ತಾರೆ. ಹೊಸದೂ ಹತ್ತು ನಿಮಿಷಕ್ಕೆ ಹಾಗೇ ಕೆಂಪಾಗುತ್ತದೆ. ಇಂಥ ಕಡೆ ಹೆಚ್ಚಿನ ಸಲ ತಪ್ಪು ವಾಲ್ವಿನದಲ್ಲ, ಅದರ ಗ್ರಿಡ್‌ಗೆ ಬರುವ ಕಪ್ಲಿಂಗ್ ಕೆಪಾಸಿಟರಿನದು. ಗ್ರಿಡ್ ಎಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ತಂತಿಜಾಲರಿ; ಹಿಂದಿನ ವಾಲ್ವಿನ ಸಿಗ್ನಲ್ ಬಿಟ್ಟು ಡಿಸಿಯನ್ನು ತಡೆಯುವುದು ಈ ಕೆಪಾಸಿಟರಿನ ಕೆಲಸ.

ಒಳಗೆ ಕೈ ಹಾಕುವ ಮೊದಲು: 300 ವೋಲ್ಟ್ ಡಿಸಿ ಕೊಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯನ್ನು ನಯ ಮಾಡುವ ಫಿಲ್ಟರ್ ಕೆಪಾಸಿಟರಿನಲ್ಲಿ ಅದು ಉಳಿದಿರುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿಟ್ಟುಕೊಳ್ಳಿ. ಕೆಪಾಸಿಟರಿನ ಎರಡೂ ತುದಿಗೆ ಐದು ಸೆಕೆಂಡು ಹಿಡಿದು, ವೋಲ್ಟೇಜ್ ಸೊನ್ನೆಗೆ ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ, ಕಿಡಿ ಹಾರಿ ಕೆಪಾಸಿಟರಿಗೂ ಏಟು ಬೀಳುತ್ತದೆ. ಕರೆಂಟ್ ಇರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ತಂತಿಯನ್ನು ಚಾಸಿಗೆ (ಲೋಹದ ಚೌಕಟ್ಟಿಗೆ) ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಲಸ ಮಾಡಿ. ಸ್ಪೀಕರ್ ಬದಲು 8 ಓಮ್, 10 ವ್ಯಾಟ್ ರೆಸಿಸ್ಟರ್ ಕಟ್ಟಿರಬೇಕು. ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವೋಲ್ಟೇಜ್ ಏರಿ ಒಳಗಿನ ಇನ್ಸುಲೇಷನ್ ಸೀಳಿಹೋಗಬಹುದು. ಇಡೀ ಆಂಪ್ಲಿಫೈಯರಿನಲ್ಲಿ ಸುಲಭಕ್ಕೆ ಸಿಗದ ಭಾಗ ಅದೊಂದೇ.

ಅಳತೆ ಶುರುವಾಗುವುದು ಕ್ಯಾಥೋಡಿನಿಂದ, ಅಂದರೆ ಎಲೆಕ್ಟ್ರಾನು ಹೊರಡುವ ಭಾಗದಿಂದ. ಇಎಲ್84ರ ಪಿನ್ನುಗಳನ್ನು ಕೆಳಗಿನಿಂದ ನೋಡಿ, ಖಾಲಿ ಜಾಗದಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಿದರೆ 2 ಗ್ರಿಡ್, 3 ಕ್ಯಾಥೋಡ್, 4 ಮತ್ತು 5 ಹೀಟರ್, 7 ಪ್ಲೇಟ್, 9 ಸ್ಕ್ರೀನ್ (ಎರಡನೆಯ ಗ್ರಿಡ್). ಕ್ಯಾಥೋಡ್ ರೆಸಿಸ್ಟರ್ 130 ಓಮ್. ಕರೆಂಟ್ ಆಫ್ ಇದ್ದಾಗಲೇ ಅದನ್ನು ಅಳೆದು ನೋಡಬೇಕು. ಬಿಸಿಯಲ್ಲಿ ಬೆಂದು ಅದರ ಬೆಲೆ ಬದಲಾಗಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಆನ್ ಮಾಡಿದ ಹೊಸದರಲ್ಲಿ ಕ್ಯಾಥೋಡಿನಲ್ಲಿ 7.2 ವೋಲ್ಟ್, ಅಂದರೆ ಸುಮಾರು 55 ಮಿಲಿಆಂಪಿಯರ್. ಕಾದ ಮೇಲೆ 8.4 ವೋಲ್ಟ್, 65 ಮಿಲಿಆಂಪಿಯರ್. ಸ್ಕ್ರೀನಿನ ಪಾಲು ಕಳೆದರೆ ಪ್ಲೇಟಿಗೆ 58 ಉಳಿಯುತ್ತದೆ. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 235 ವೋಲ್ಟ್ ಇರುವುದರಿಂದ ಗುಣಿಸಿದರೆ 13.6 ವ್ಯಾಟ್. ಇಎಲ್84ರ ಪ್ಲೇಟು ತಾಳುವುದು 12 ವ್ಯಾಟ್. ಕೆಂಪು ಕಲೆ ಬಂದದ್ದು ಹೀಗೆ.

ಕರೆಂಟ್ ಏರಿದ್ದೇಕೆ? ಗ್ರಿಡ್‌ನಲ್ಲಿ ಸೊನ್ನೆ ಇರಬೇಕಾದ ಕಡೆ 2 ವೋಲ್ಟ್ ಪಾಸಿಟಿವ್ ಇದೆ. ಅದು ಎರಡು ದಾರಿಯಲ್ಲಿ ಬರಬಹುದು. ಒಂದು, ಇಸಿಸಿ83ರ ಪ್ಲೇಟಿನ 160 ವೋಲ್ಟ್ ಕಪ್ಲಿಂಗ್ ಕೆಪಾಸಿಟರ್ ಮೂಲಕ ಸೋರುವುದು. ಇನ್ನೊಂದು, ಇಎಲ್84ರ ಒಳಗೇ ಗಾಳಿಯ ಅಂಶ ಸೇರಿಯೋ ಗ್ರಿಡ್ ಬಿಸಿಯಾಗಿಯೋ ಗ್ರಿಡ್ ಕರೆಂಟ್ ಹರಿಯುವುದು. ಎರಡನ್ನೂ ಬೇರೆ ಮಾಡಲು ಆಫ್ ಮಾಡಿ, ಕೆಪಾಸಿಟರಿನ ಗ್ರಿಡ್ ಕಡೆಯ ಕಾಲನ್ನು ಮಾತ್ರ ಬಿಚ್ಚಿ. 470 ಕಿಲೋಓಮ್ ಗ್ರಿಡ್ ರೆಸಿಸ್ಟರ್ ಇದ್ದಲ್ಲೇ ಇರಲಿ. ಮತ್ತೆ ಆನ್ ಮಾಡಿ ಚೆನ್ನಾಗಿ ಕಾಯಲು ಬಿಡಿ. ಗ್ರಿಡ್‌ನಲ್ಲಿ ಪಾಸಿಟಿವ್ ವೋಲ್ಟೇಜ್ ಹಾಗೇ ಇದ್ದರೆ ವಾಲ್ವ್ ಕೆಟ್ಟಿದೆ. ಸೊನ್ನೆಗೆ ಬಂದರೆ ಕೆಪಾಸಿಟರ್.

ಇಲ್ಲಿ ಸೊನ್ನೆಗೆ ಬಂತು. ಗಟ್ಟಿ ಮಾಡಿಕೊಳ್ಳಲು ಕೆಪಾಸಿಟರಿನ ಬಿಚ್ಚಿದ ಕಾಲಿಗೂ ಚಾಸಿಗೂ ನಡುವೆ ಡಿಸಿ ವೋಲ್ಟ್‌ನಲ್ಲಿಟ್ಟ ಮೀಟರ್ ಹಿಡಿದರೆ, ಮುಳ್ಳಿನಂತೆ ಒಮ್ಮೆ ಏರಿ ಇಳಿದು 34 ವೋಲ್ಟಿಗೆ ನಿಂತಿತು. ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್. 160ರಲ್ಲಿ 34 ತೋರಿಸಿದರೆ ಕೆಪಾಸಿಟರಿನ ಸೋರಿಕೆ ರೋಧ 37 ಮೆಗಾಓಮ್ ಎಂದಾಯಿತು. ಒಳ್ಳೆಯ ಕೆಪಾಸಿಟರ್ ಈ ಪರೀಕ್ಷೆಯಲ್ಲಿ ಕೆಲವು ಮಿಲಿವೋಲ್ಟಿಗೆ ಇಳಿಯುತ್ತದೆ. ಇದೇ ಕೆಪಾಸಿಟರನ್ನು ಬಿಚ್ಚಿ, ತಣ್ಣಗಿರುವಾಗ ಓಮ್ ಮೀಟರಿಗೆ ಹಿಡಿದರೆ 'ಸರಿಯಿದೆ' ಎಂದೇ ಅನಿಸುತ್ತದೆ. ಮೀಟರಿನ ಬ್ಯಾಟರಿ ಕೊಡುವುದು ಒಂದೆರಡು ವೋಲ್ಟ್. ಹಳೆಯ ಮೇಣ-ಕಾಗದದ ಕೆಪಾಸಿಟರ್ ಸೋರುವುದು ಬಿಸಿಯಲ್ಲಿ, ಪೂರ್ತಿ ವೋಲ್ಟೇಜಿನಲ್ಲಿ. ಹತ್ತು ನಿಮಿಷ ಬಿಟ್ಟು ದನಿ ಕೆಡುವುದಕ್ಕೂ ಕಾರಣ ಅದೇ.

ಬದಲಿಗೆ 22 ನ್ಯಾನೋಫ್ಯಾರಡ್, 630 ವೋಲ್ಟ್ ಪಾಲಿಪ್ರೊಪಿಲೀನ್ ಹಾಕಿದರೆ ಸಾಕು. 470 ಕಿಲೋಓಮ್ ಜತೆ ಅದು 15 ಹರ್ಟ್ಸ್‌ವರೆಗೆ ಇಳಿಯುತ್ತದೆ. 'ಬಾಸ್ ಜಾಸ್ತಿ ಬರಲಿ' ಎಂದು 220 ನ್ಯಾನೋಫ್ಯಾರಡ್ ಹಾಕುವವರಿದ್ದಾರೆ, ಅದನ್ನು ಒಪ್ಪಲಾರೆ. ಜೋರಾದ ಸಿಗ್ನಲ್ಲಿಗೆ ಇಎಲ್84ರ ಗ್ರಿಡ್ ಕ್ಯಾಥೋಡಿಗಿಂತ ಮೇಲೇರಿದಾಗ ಗ್ರಿಡ್ ಕರೆಂಟ್ ಹರಿದು ಈ ಕೆಪಾಸಿಟರ್ ಚಾರ್ಜ್ ಆಗುತ್ತದೆ. ಚಾರ್ಜ್ ಇಳಿಯುವವರೆಗೆ ವಾಲ್ವ್ ಅರ್ಧ ಮುಚ್ಚಿಕೊಂಡಿರುತ್ತದೆ. 22ಕ್ಕೆ ಅದು 10 ಮಿಲಿಸೆಕೆಂಡಿನ ಮಾತು, 220ಕ್ಕೆ 100. ಗಿಟಾರಿನ ಪ್ರತಿ ಮೀಟಿನ ಹಿಂದೆ ದನಿ ಕಟ್ಟಿದಂತಾಗುವುದು ಇದರಿಂದ.

ಜನ ವಾಲ್ವ್ ಬಿಡದಿರುವುದಕ್ಕೂ ಈ ಮಿತಿ ಮೀರುವ ಘಳಿಗೆಯೇ ದೊಡ್ಡ ಕಾರಣ. ಫೀಡ್‌ಬ್ಯಾಕ್ ಬಿಗಿಯಾಗಿರುವ ಐಸಿ (ಚಿಪ್) ಆಂಪ್ಲಿಫೈಯರ್ ಸಪ್ಲೈ ವೋಲ್ಟೇಜ್ ಮುಟ್ಟುವವರೆಗೆ ಶುದ್ಧ, ಮುಟ್ಟಿದ ಕ್ಷಣ ಅಲೆಯ ತುದಿ ಚಪ್ಪಟೆ. ಇಎಲ್84 ಮೊದಲಿನಿಂದಲೇ ಬಾಗುತ್ತಾ ಹೋಗುತ್ತದೆ: 250 ವೋಲ್ಟಿನಲ್ಲಿ ಸಿಗುವ ಪೂರ್ತಿ 5.7 ವ್ಯಾಟ್ ಹೊತ್ತಿಗೆ ವಿರೂಪ 10 ಪ್ರತಿಶತ. ಅಂಕಿಯಾಗಿ ನೋಡಿದರೆ ಕೆಟ್ಟದ್ದೇ. ಆದರೆ ನಡುವಿನ ದಾರಿ ಉದ್ದ, ನುಡಿಸುವವರ ಬೆರಳಿನ ಒತ್ತಡಕ್ಕೆ ದನಿಯ ಬಣ್ಣ ಬದಲಾಗುತ್ತದೆ. ವಾಕ್ಸ್ ಎಸಿ30 ಗಿಟಾರ್ ಆಂಪ್ಲಿಫೈಯರಿನ ನಾಲ್ಕು ಇಎಲ್84ಗಳು ಹೆಸರು ಮಾಡಿದ್ದು ಈ ಗುಣಕ್ಕೆ. ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ: ಕೆಟ್ಟದ್ದನ್ನು ನಾವೇ ಹುಡುಕಿ ಸರಿಮಾಡಬಹುದು. ಮೇಲಿನ ಪತ್ತೆಗೆ ಬೇಕಾದದ್ದು ಒಂದು ಮೀಟರ್, ಒಂದು ಗುಣಾಕಾರ, ಎರಡು ಭಾಗಾಕಾರ. 1953ರಲ್ಲಿ ಫಿಲಿಪ್ಸ್ ತಂದ ಈ ವಾಲ್ವಿನ ಅಂದಿನ ಅಂಕಿಗಳನ್ನೇ ಹಿಡಿದು ಸ್ಲೊವಾಕಿಯಾದಲ್ಲೋ ರಷ್ಯಾದಲ್ಲೋ ಹೊಸದಾಗಿ ತಯಾರಾದ ಇಎಲ್84ನ್ನು ಅದೇ ಸಾಕೆಟಿಗೆ ಚುಚ್ಚಬಹುದು.

ಗಾಜಿನೊಳಗೆ ಕಾಣುವುದನ್ನೂ ಓದಲು ಬರಬೇಕು. ಗಾಜಿನ ಒಳಮೈಗೆ ಅಂಟಿದಂಥ, ಸಂಗೀತದ ಜತೆ ನಡುಗುವ ತಿಳಿನೀಲಿ ಬೆಳಕಿಗೆ ಹೆದರಬೇಕಿಲ್ಲ; ದಾರಿ ತಪ್ಪಿದ ಎಲೆಕ್ಟ್ರಾನು ಗಾಜಿಗೆ ಬಡಿದು ಹಾಗೆ ಹೊಳೆಯುತ್ತದೆ. ಅದೇ ಬೆಳಕು ನೇರಳೆ ಬಣ್ಣಕ್ಕೆ ತಿರುಗಿ ಪ್ಲೇಟಿಗೂ ಕ್ಯಾಥೋಡಿಗೂ ನಡುವೆ ತುಂಬಿಕೊಂಡರೆ ಒಳಗೆ ಗಾಳಿ ಸೇರಿದೆ, ತೆಗೆದುಹಾಕಿ. ತಲೆಯ ಬೆಳ್ಳಿಬಣ್ಣದ ಬೇರಿಯಂ ಗೆಟರ್ (ಒಳಗುಳಿದ ಅನಿಲ ಹೀರುವ ಲೇಪ) ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಎಲ್ಲೋ ಬಿರುಕು ಬಿಟ್ಟಿದೆ, ಆನ್ ಮಾಡಲೇಬೇಡಿ.

ಗುಂಯ್ ಎನ್ನುವ ಹಮ್ ಇದರಲ್ಲಿ ಇರಲಿಲ್ಲ. ಇದ್ದರೆ ಮೊದಲು ಸ್ವರ ಕೇಳಿ. ಮೇನ್ಸ್ 50 ಹರ್ಟ್ಸ್ ಇರುವಲ್ಲಿ 100ರ ಹಮ್ ಎಂದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 50ರದ್ದಾದರೆ ಹೀಟರ್ ತಂತಿ: ಎರಡನ್ನೂ ಬಿಗಿಯಾಗಿ ಹೊಸೆದು, ಎರಡು ಬದಿಯಿಂದಲೂ 100 ಓಮ್‌ನ ಒಂದೊಂದು ರೆಸಿಸ್ಟರನ್ನು ಚಾಸಿಗೆ ಕೊಡಿ. ಫಿಲ್ಟರ್ ಬದಲಿಸುವಾಗ ಎಸಿಯನ್ನು ಡಿಸಿ ಮಾಡುವ ಇಜೆಡ್81 ರೆಕ್ಟಿಫೈಯರ್ ವಾಲ್ವ್ ಇದ್ದರೆ ಅದರ ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಬಾರದು. ಮೀರಿದರೆ ಪ್ರತಿ ಚಾರ್ಜಿನ ಕರೆಂಟ್ ಏಟಿಗೆ ರೆಕ್ಟಿಫೈಯರ್ ಬೇಗ ಸಾಯುತ್ತದೆ.

ಯಾವಾಗಲೂ ಆನ್ ಇಟ್ಟರೆ ವಾಲ್ವ್ ಬಾಳುತ್ತದೆ ಎಂಬ ಮಾತಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಗುಪ್ತಸಂದೇಶ ಬಿಡಿಸಲು ಕೊಲೊಸಸ್ ಯಂತ್ರ ಕಟ್ಟಿದ ಬ್ರಿಟಿಷ್ ಎಂಜಿನಿಯರ್ ಟಾಮಿ ಫ್ಲವರ್ಸ್ ನೆಚ್ಚಿದ್ದು ಅದನ್ನೇ. 1944ರಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸಕ್ಕಿಳಿದ ಮೊದಲ ಯಂತ್ರದಲ್ಲಿ ಸುಮಾರು 1,600 ವಾಲ್ವ್ ಇದ್ದವು, ಆರಿಸಿ ಹೊತ್ತಿಸುವ ಏಟು ತಪ್ಪಿದರೆ ಅವು ಕೆಡುವುದು ಕಡಿಮೆ. ಆದರೆ ಅಲ್ಲಿ ವಾಲ್ವ್‌ಗಳು ಮಿತಿಗಿಂತ ಬಹಳ ಕೆಳಗೆ ದುಡಿಯುತ್ತಿದ್ದವು. ಪ್ಲೇಟು 12 ವ್ಯಾಟಿನ ಅಂಚಿನಲ್ಲಿರುವ ಔಟ್‌ಪುಟ್ ವಾಲ್ವಿಗೆ ಅದು ಹೊಂದುವುದಿಲ್ಲ, ಕೇಳುವಾಗ ಮಾತ್ರ ಆನ್ ಇರಲಿ.

ಹೊಸ ಕೆಪಾಸಿಟರ್ ಹಾಕಿ ಒಂದು ಗಂಟೆ ಓಡಿಸಿದ ಮೇಲಿನ ಅಂಕಿ: ಗ್ರಿಡ್ ಸೊನ್ನೆ, ಕ್ಯಾಥೋಡ್ 7.2 ವೋಲ್ಟ್, ಪ್ಲೇಟ್ 11.9 ವ್ಯಾಟ್. ಹಳೆಯ ಇಎಲ್84 ಅದೇ ಇದೆ, ಕೆಂಪು ಇಲ್ಲ. ಮೇನ್ಸ್ ಏರಿದ ದಿನ 12 ದಾಟಬಾರದೆಂದು 130 ಓಮ್ ತೆಗೆದು 150 ಓಮ್, 2 ವ್ಯಾಟ್ ಹಾಕುವುದು ಬಾಕಿ.