ದೂರು ಕೊಟ್ಟವರಿಗೆ ತಿರುಗಿ ಫೋನ್ ಮಾಡಿ

ಕಲಬುರಗಿಯಲ್ಲಿ ಬೆಳಗಿನ ಶಾಸ್ತ್ರೀಯ ಸಂಗೀತದ ರೇಡಿಯೊ ಕಾರ್ಯಕ್ರಮ ನಡೆಸೋದು ನನ್ನ ಕೆಲಸ. ಅರ್ಧ ಗಂಟೆ, ಹೆಚ್ಚಾಗಿ ಹಿಂದೂಸ್ತಾನಿ. ಅಷ್ಟಕ್ಕೇ ಬೇಕಾದಷ್ಟು ದೂರು ಬರುತ್ತವೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳೋದು ಒಂದೇ: ದೂರು ಕೊಟ್ಟವರಿಗೆ ತಿರುಗಿ ಫೋನ್ ಮಾಡಿ. ರೇಡಿಯೊ ಮನೇಲಿ ಎಲ್ಲಿಟ್ಟಿದ್ದಾರೆ, ಆ ಹೊತ್ತಿಗೆ ಏನು ಮಾಡ್ತಿರ್ತಾರೆ ಅಂತ ಕೇಳಿ.

ಜೇವರ್ಗಿ ಕಡೆಯ ಒಬ್ಬ ತಾಯಿ, "ಮೊದಲಿಗಿ ಆ ಆ ಅನ್ನೋದು ಬ್ಯಾಡ್ರಿ, ಸೀದಾ ಹಾಡು ಹಾಕ್ರಿ" ಅಂತ ಹೇಳಿ ಕಳಿಸಿದ್ದರು. ಹಾಡಿಗೆ ಮುಂಚೆ ರಾಗವನ್ನು ನಿಧಾನಕ್ಕೆ ಬಿಡಿಸೋ ಆಲಾಪದ ರುಚಿ ಗೊತ್ತಿಲ್ಲ ಅಂತ ಪಕ್ಕಕ್ಕಿಡೋದು ಸುಲಭ. ನಾನು ಫೋನ್ ಮಾಡಿದಾಗ ಅವರು ರೊಟ್ಟಿ ಬಡೀತಿದ್ದರು. ಆ ಸದ್ದು ಫೋನಿನಲ್ಲೇ ಜೋರಾಗಿ ಕೇಳ್ತಿತ್ತು. "ಹಾಡು ಛಲೋ ಅದರಿ ಸರ್. ಆದ್ರ ಮೊದಲಿಗಿ ಏನೂ ಕೇಳಂಗೇ ಇಲ್ಲ. ದೊಡ್ಡದು ಮಾಡಿದ್ರ ಆಮ್ಯಾಲ ತಬಲಾ ತಲಿ ಮ್ಯಾಲ ಬಡದಂಗ ಆಗ್ತದ" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಆಲಾಪ ಮಂದ್ರದಲ್ಲಿ, ಮೆಲ್ಲಗೆ ಶುರುವಾಗುತ್ತೆ. ಸಣ್ಣ ರೇಡಿಯೊದ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಬರೋದೇ ಇಲ್ಲ. ದ್ರುತ್, ಅಂದರೆ ವೇಗದ ಭಾಗ ಬರೋ ಹೊತ್ತಿಗೆ ತಬಲಾ, ಸ್ವರಗಳನ್ನು ಸರಸರನೆ ಓಡಿಸೋ ತಾನ್ ಎಲ್ಲ ಸೇರಿ ಸದ್ದು ಎಷ್ಟೋ ಪಟ್ಟು ಏರಿರುತ್ತೆ. ಹಿಟ್ಟಿನ ಕೈಯಲ್ಲಿ ಮತ್ತೆ ಮತ್ತೆ ವಾಲ್ಯೂಮ್ ತಿರುಗಿಸೋಕಾಗುತ್ತಾ? ಈಗ ಪ್ರಸಾರಕ್ಕೆ ಮುಂಚೆ ಆಲಾಪದ ಭಾಗದ ಸದ್ದನ್ನು ಸ್ವಲ್ಪ ಏರಿಸಿಕೊಳ್ತೇನೆ. ಜಾಸ್ತಿ ಏರಿಸಿದರೆ ಹಳೇ ಟೇಪಿನ ಸುಯ್ ಅನ್ನೋ ಸದ್ದೂ ಮೇಲೆದ್ದು ತಂಬೂರಿಯನ್ನೇ ನುಂಗುತ್ತೆ. ಹಾಗಾಗಿ ಸ್ಟುಡಿಯೋದ ದೊಡ್ಡ ಸ್ಪೀಕರ್ ನಂಬದೆ ಒಂದು ಸಣ್ಣ ರೇಡಿಯೊ ಇಟ್ಟುಕೊಂಡು ಅದರಲ್ಲೇ ಕೇಳಿ ನೋಡ್ತೇನೆ.

ಇನ್ನೊಂದು ದೊಡ್ಡ ದೂರು, ಹಾಡನ್ನು ಅರ್ಧಕ್ಕೆ ಕತ್ತರಿಸ್ತೀರಿ ಅನ್ನೋದು. ವಾರ್ತೆ ಹೊತ್ತಿಗೆ ಸರಿಯಾಗಿ ಶುರುವಾಗಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಯಾವ ಹಾಡು ಆರಿಸಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ. ವಿಲಂಬಿತ, ಅಂದರೆ ನಿಧಾನ ಲಯದ ಏಕತಾಳದ ಒಂದು ಸುತ್ತಿಗೆ 12 ಮಾತ್ರೆ, ಅಂದರೆ 12 ಎಣಿಕೆ. ತುಂಬಾ ನಿಧಾನಕ್ಕೆ ಹಾಡಿದರೆ ಒಂದು ಸುತ್ತು ಮುಗಿಯೋಕೆ ಮುಕ್ಕಾಲು ನಿಮಿಷ, ಕೆಲವೊಮ್ಮೆ ಒಂದು ನಿಮಿಷವೇ ಹಿಡಿಯುತ್ತೆ. ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಅಂಥ ಖಯಾಲನ್ನು, ಅಂದರೆ ರಾಗ ಬಿಡಿಸಿ ಹಾಡೋ ಹಾಡನ್ನು, ಅರ್ಧ ಗಂಟೆಯಲ್ಲಿ ತುರುಕಿದರೆ ರಾಗ ಅರಳೋ ಹೊತ್ತಿಗೆ ಕತ್ತರಿ ಬೀಳುತ್ತೆ. ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯ ಗಾಯನದ ಲಯ ಅಷ್ಟು ನಿಧಾನ ಅಲ್ಲ, ಹಾಗಾಗಿ ನಮ್ಮ ಅವಧಿಗೆ ಚೆನ್ನಾಗಿ ಹೊಂದುತ್ತೆ. ಕಡೆಯಲ್ಲಿ ಮೂರು ನಿಮಿಷ ಉಳಿದರೆ ಗಾಯಕ ಅಬ್ದುಲ್ ಕರೀಂ ಖಾನರ (1872–1937) ಹಳೇ 78 ಆರ್‌ಪಿಎಂ ತಟ್ಟೆಯ ಧ್ವನಿಮುದ್ರಣ ಹಾಕ್ತೇನೆ. ಅವರು ಆ ಮೂರು ನಿಮಿಷಕ್ಕೇ ಅಂತ ಹಾಡಿದ್ದು. ಅದರಲ್ಲಿ ಯಾವುದೂ ಕಡಿಮೆ ಅನಿಸಲ್ಲ.

ಆಳಂದ ಕಡೆಯ ಒಬ್ಬ ಹಿರಿಯರು ಭಜನೆಗೆ ಹಾರ್ಮೋನಿಯಂ ನುಡಿಸ್ತಾರೆ. ಭೈರವಿಯಿಂದ ಕಾರ್ಯಕ್ರಮ ಶುರು ಮಾಡಬೇಡಿ ಅನ್ನೋದು ಅವರ ತಕರಾರು. ಭೈರವಿ ಬೆಳಗಿನ ರಾಗವೇ, ಹೊತ್ತಿನ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಕಛೇರಿ ಮುಗಿಸೋದು ಭೈರವಿಯಲ್ಲಿ. "ಅದರ ಮ್ಯಾಲ ಇನ್ನೇನು ಹತ್ತತದರಿ?" ಅಂತ ಅವರು ಕೇಳಿದರು. ಒಪ್ಪಿಕೊಂಡೆ. ಈಗ ಮೊದಲು ಭೈರವ, ಅಹೀರ್ ಭೈರವ ಅಥವಾ ತೋಡಿ. ಭೈರವಿ ಇದ್ದರೆ ಕಡೆಗೆ.

ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ಕರ್ನಾಟಕ ಸಂಗೀತ ಹಾಕಿ ಅಂತಾರೆ. ಊರಿನವರಿಗೆ ಅದು ಬೇಡ. ಇಬ್ಬರಿಗೂ ಕೇಳಿಸಬೇಕು ಅಂತ ಭೈರವದ ಜೊತೆ ಕರ್ನಾಟಕ ಸಂಗೀತದ ಮಾಯಾಮಾಳವಗೌಳ ರಾಗದ ಕೃತಿಯೊಂದನ್ನು ಹಾಕಿ ನೋಡಿದೆ. ಎರಡಕ್ಕೂ ಇರೋದು ಅವೇ ಏಳು ಸ್ವರ. ಆದರೆ ಭೈರವದಲ್ಲಿ ಕೋಮಲ ರಿಷಭ, ಕೋಮಲ ಧೈವತಗಳನ್ನು (ಸ್ವಲ್ಪ ಇಳಿಸಿದ ರಿ, ಧ ಸ್ವರಗಳನ್ನು) ತೂಗಿಸಿ ಹಾಡ್ತಾರೆ, ಅಲ್ಲೇ ಬಣ್ಣ ಬದಲಾಗುತ್ತೆ. ಇದನ್ನು ಎರಡು ಮಾತಲ್ಲಿ ಹೇಳಿ ಹಾಡು ಬಿಟ್ಟಾಗ ಎರಡೂ ಕಡೆಯವರು ಮೆಚ್ಚಿ ಫೋನ್ ಮಾಡಿದರು.

ಮಧ್ಯೆ ರೇಡಿಯೊ ಹಚ್ಚಿದವರಿಗೆ ಹಾಡಿದವರು ಯಾರು ಅಂತ ತಿಳಿಯಲ್ಲ ಅನ್ನೋ ದೂರೂ ನ್ಯಾಯವೇ. ಅದಕ್ಕೇ ಹೆಸರು, ರಾಗ ಎರಡನ್ನೂ ಕಡೆಯಲ್ಲಿ ಇನ್ನೊಮ್ಮೆ ಹೇಳ್ತೇನೆ. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರನ್ನೂ ಬಿಡಲ್ಲ.

ಒಂದು ಬೇಡಿಕೆಗೆ ಮಾತ್ರ ನಾನು ಒಪ್ಪಿಲ್ಲ: ಇದೇ ಅರ್ಧ ಗಂಟೆಯಲ್ಲಿ ರಾಗದ ಮೇಲೆ ಕಟ್ಟಿದ ಸಿನಿಮಾ ಹಾಡು ಹಾಕಿ ಅನ್ನೋದು. ಸಿನಿಮಾ ಹಾಡಿಗೆ ದಿನವಿಡೀ ಜಾಗ ಇದೆ. ಖಯಾಲಿಗೆ ಇರೋದು ಇಷ್ಟೇ. ಕೇಳಿದವರಿಗೆಲ್ಲ ಹಾಗೇ ಹೇಳ್ತೇನೆ.