ಗೊಂಬೆಯ ಕತ್ತು ಯಾಕೆ ಜೋತು ಬೀಳುತ್ತದೆ?

ನಾನು ಬಟ್ಟೆಯಲ್ಲಿ ಪ್ರಾಣಿಗೊಂಬೆ ಹೊಲಿಯುತ್ತೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಹೊಲಿದ ದಿನ ಚೆನ್ನಾಗಿತ್ತು. ಎರಡೇ ದಿನಕ್ಕೆ ತಲೆ ಜೋತು ಬಿತ್ತು. ಹೊಲಿಗೆಯಲ್ಲಿ ಏನು ತಪ್ಪಾಯಿತು?"

ಸಾಮಾನ್ಯವಾಗಿ ಹೊಲಿಗೆ ಸರಿಯಾಗಿಯೇ ಇರುತ್ತದೆ. ತಪ್ಪುವುದು ಒಳಗೆ ತುಂಬುವಾಗ. ಬಟ್ಟೆ ಕತ್ತರಿಸಲು ಒಂದು ಸಂಜೆ ಕೊಡುತ್ತೇವೆ, ಹೊಲಿಯಲು ಇನ್ನೊಂದು ಸಂಜೆ. ತುಂಬಲು ಮಾತ್ರ ಹತ್ತು ನಿಮಿಷ! ಅಂಗೈಯಷ್ಟು ಚಿಕ್ಕ ಮೊಲಕ್ಕೂ ನಾನು ಒಂದು ಗಂಟೆ ಇಟ್ಟುಕೊಳ್ಳುತ್ತೇನೆ.

ಅವಸರದಲ್ಲಿ ಏನಾಗುತ್ತದೆ ನೋಡಿ. ಪಾಲಿಯೆಸ್ಟರ್ ಫೈಬರಿನ, ಅಂದರೆ ಹತ್ತಿಯಂಥ ಕೃತಕ ನಾರಿನ, ದೊಡ್ಡ ಮುದ್ದೆಯೊಂದನ್ನು ತಲೆಗೆ ತುರುಕುತ್ತೇವೆ, ಇನ್ನೊಂದನ್ನು ಹೊಟ್ಟೆಗೆ. ಎರಡೂ ಕತ್ತಿನ ಹತ್ತಿರ ಬಂದು ನಿಲ್ಲುತ್ತವೆ, ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಅಲ್ಲೊಂದು ಸಂದು ಉಳಿಯುತ್ತದೆ. ಮಗು ನಾಲ್ಕು ಸಲ ಅಪ್ಪಿಕೊಂಡರೆ ಸಾಕು, ಇದ್ದದ್ದೂ ಆಚೀಚೆ ಸರಿದು ಕತ್ತಿನಲ್ಲಿ ಬರೀ ಬಟ್ಟೆ ಉಳಿಯುತ್ತದೆ. ನಾನು ಮೊದಲು ಹೊಲಿದ ಮೊಲಕ್ಕೂ ಹೀಗೇ ಆಗಿತ್ತು. ಅದನ್ನು ಪಡೆದ ಮಗು ಎತ್ತಿಕೊಳ್ಳುವಾಗಲೆಲ್ಲ ಎರಡು ಬೆರಳನ್ನು ಅದರ ಗಲ್ಲದ ಕೆಳಗೆ ಆನಿಸಿ ಹಿಡಿಯುತ್ತಿತ್ತು. ಅದನ್ನು ನೋಡಿದ ಮೇಲೆ ನಾನು ಕತ್ತಿನ ವಿಷಯದಲ್ಲಿ ಅವಸರ ಮಾಡಿಲ್ಲ.

ತುಂಬಲು ಬಿಡುವ ಬಾಯಿ ಬೆನ್ನಿನ ಅಥವಾ ಹೊಟ್ಟೆಯ ನೇರ ಹೊಲಿಗೆಯಲ್ಲಿರಲಿ, 5 ಸೆಂಟಿಮೀಟರ್ ಸಾಕು. ಕತ್ತಿನ ಹತ್ತಿರ ಬೇಡ. ಪಾಲಿಯೆಸ್ಟರ್ ಫೈಬರನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಳ್ಳಿ. ದೂರದ ತುದಿಗಳು ಮೊದಲು. ಮೂತಿಗೆ ಉಗುರಿನಷ್ಟು ಚಿಕ್ಕ ಚೂರುಗಳು, ಪೆನ್ಸಿಲಿನ ಮೊಂಡು ತುದಿಯಿಂದ ಮೆಲ್ಲಗೆ ಒತ್ತಿ. ತಲೆ ಗಟ್ಟಿಯಾದ ಮೇಲೆ ಕತ್ತು. ಇಲ್ಲಿ ಉದ್ದನೆಯ ಎಳೆಗಳನ್ನೇ ತೆಗೆದುಕೊಳ್ಳಿ. ಅರ್ಧ ತಲೆಯೊಳಗೆ, ಅರ್ಧ ಎದೆಯೊಳಗೆ ಬರುವಂತೆ ಒಂದರ ಪಕ್ಕ ಒಂದು ಇಡುತ್ತಾ ಹೋಗಿ. ಜಿರಾಫೆಯಂಥ ಉದ್ದ ಕತ್ತಾದರೆ ಫೆಲ್ಟ್ ಬಟ್ಟೆಯನ್ನು (ನೇಯದೆ, ನಾರನ್ನು ಒತ್ತಿ ಮಾಡಿದ ಬಟ್ಟೆ) ಬಿಗಿಯಾಗಿ ಸುರುಳಿ ಸುತ್ತಿ, ಬಿಚ್ಚದಂತೆ ಹೊಲಿದು, ತಲೆಯ ನಡುವಿನಿಂದ ಹೊಟ್ಟೆಯ ನಡುವಿನವರೆಗೆ ಇಡುತ್ತೇನೆ. ತಂತಿ ಹಾಕಬೇಡಿ. ಬಾಗಿ ಬಾಗಿ ಮುರಿದು ಬಟ್ಟೆಯಿಂದ ಹೊರಗೆ ಚುಚ್ಚುತ್ತದೆ.

ಎಷ್ಟು ತುಂಬಬೇಕು? ಕತ್ತನ್ನು ಹೆಬ್ಬೆರಳಿಂದ ಒತ್ತಿ. ಬಟ್ಟೆ ಸುಕ್ಕಾದರೆ ಇನ್ನೂ ಬೇಕು. ಆಡುತ್ತಾ ಆಡುತ್ತಾ ಫೈಬರ್ ಕುಗ್ಗುತ್ತದೆ, ಹಾಗಾಗಿ ನಿಮಗೆ ಸರಿ ಅನ್ನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಇಷ್ಟು ಒತ್ತಡ ತಡೆಯಲು ಹೊಲಿಗೆ ಸಣ್ಣದಿರಬೇಕು, ಸುಮಾರು 2 ಮಿಲಿಮೀಟರ್. ಕೈಯಲ್ಲಾದರೆ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ.

ಹಳೆಯ ಟೀ ಶರ್ಟಿನ ಬಟ್ಟೆ ಬಳಸುವವರಿಗೆ ಒಂದು ಮಾತು. ಅದು ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಆ ಹಿಗ್ಗು ಹೊಟ್ಟೆಯ ಸುತ್ತ ಬರುವಂತೆ ಕತ್ತರಿಸಿ. ಕತ್ತಿನ ಉದ್ದಕ್ಕೆ ಬಂದರೆ ಎಷ್ಟು ತುಂಬಿದರೂ ಕತ್ತು ಎಳೆದುಕೊಂಡು ಬಾಗುತ್ತದೆ.

ಮೊದಲ ಸಲ ಹೊಲಿಯುತ್ತಿದ್ದರೆ ಆನೆ ಹೊಲಿಯಿರಿ. ದಪ್ಪ ಕಾಲು, ಕತ್ತು ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ. ಜರ್ಮನಿಯ ಹೊಲಿಗೆಗಾರ್ತಿ ಮಾರ್ಗರೆಟೆ ಸ್ಟೈಫ್ 1880ರ ಸುಮಾರಿಗೆ ಫೆಲ್ಟ್‌ನಲ್ಲಿ ಹೊಲಿದದ್ದೂ ಆನೆಯನ್ನೇ. ಅದು ಸೂಜಿ ಚುಚ್ಚಿಡುವ ಪಿನ್ ಕುಶನ್ ಆಗಿತ್ತು, ಮಕ್ಕಳು ಅದನ್ನೇ ಆಟಿಕೆ ಮಾಡಿಕೊಂಡರು. ಮುಂದೆ ಅವರ ಕಂಪನಿ ಬೆಳೆದದ್ದೇ ಮೆತ್ತನೆಯ ಪ್ರಾಣಿಗೊಂಬೆಗಳಿಂದ. ಇನ್ನು ಕಣ್ಣು: 3 ವರ್ಷದೊಳಗಿನ ಮಗುವಿಗಾದರೆ ಗುಂಡಿ, ಮಣಿ ಬೇಡ. ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದಾರದಲ್ಲೇ ಕಸೂತಿ ಮಾಡಿ.

ಈಗಾಗಲೇ ಜೋತು ಬಿದ್ದಿದೆಯಾ? ಎಸೆಯಬೇಡಿ. ಬೆನ್ನಿನ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿ, ಕತ್ತಿನವರೆಗೆ ಎಳೆಗಳನ್ನು ಕಳಿಸಿ, ಲ್ಯಾಡರ್ ಸ್ಟಿಚ್‌ನಲ್ಲಿ ಮುಚ್ಚಿ: ಎರಡೂ ಅಂಚಿನ ಮಡಿಕೆಯೊಳಗೆ ಆಚೆ ಒಂದು, ಈಚೆ ಒಂದು ಹೊಲಿಗೆ ಹಾಕುತ್ತಾ ಹೋಗಿ, ದಾರ ಎಳೆದರೆ ಹೊಲಿಗೆ ಕಾಣುವುದಿಲ್ಲ. ಗೊಂಬೆಯ ಮಗು ಪಕ್ಕದಲ್ಲಿ ಕೂತಿದ್ದರೆ ಸೂಜಿ ದೂರ ಇಟ್ಟು, ಒಂದು ಎಳೆಯನ್ನು ಅದರ ಕೈಯಿಂದಲೇ ತುಂಬಿಸಿ.